ಜೋರಾಗಿ ಹೇಳಿ, ಮೇಸ್ತ್ರಿ

ಅವಳಿಗೆ ಕಡ್ಡಿ ಎಂದು ಹೆಸರಿಟ್ಟವನು ಭಾವ. ಅಕ್ಕನ ಜೊತೆ ಮೊದಲ ಸಲ ಮನೆಗೆ ಬಂದ ದಿನ, ಬಾಗಿಲ ಸಂದಿಯಿಂದ ಇಣುಕುತ್ತಿದ್ದ ಸಣಕಲು ಹುಡುಗಿಯನ್ನು ನೋಡಿ, "ಇದೇನು, ಬಾಗಿಲು ಮುಚ್ಚಿಹೋಗದ ಹಾಗೆ ಕಡ್ಡಿ ಸಿಕ್ಕಿಸಿದ್ದೀರಾ?" ಎಂದು ಕೇಳಿದ್ದ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಹೆಸರು ಅಂಟಿಕೊಂಡಿತು. ಅಮ್ಮ ತೀರಿಕೊಂಡ ಮೇಲೆ ಅವಳು ಬೆಳೆದದ್ದೇ ಅಕ್ಕ ಭಾವನ ಎರಡು ಕೋಣೆಯ ಮನೆಯಲ್ಲಿ. ಸೈಕಲ್ ಹಿಂದೆ ಓಡಿ ಓಡಿ ಕಲಿಸಿದವನು ಭಾವ. ಗಣಿತದಲ್ಲಿ ನಪಾಸಾದಾಗ ಅಕ್ಕನಿಗೆ ಹೇಳದೆ ಸಹಿ ಹಾಕಿಕೊಟ್ಟವನೂ ಅವನೇ.

ಭಾವ ಕಟಾವು ಯಂತ್ರದ ಡ್ರೈವರ್. ಯಂತ್ರ ಅವನದಲ್ಲ, ಪಟ್ಟಣದ ಅಂಚಿನಲ್ಲಿದ್ದ ವರ್ಕ್‌ಶಾಪಿನ ಯಜಮಾನರದು. ಅವರು ಯಂತ್ರಗಳನ್ನು ರಿಪೇರಿಯೂ ಮಾಡಿಸುತ್ತಿದ್ದರು, ಬಾಡಿಗೆಗೂ ಬಿಡುತ್ತಿದ್ದರು. ಯಂತ್ರಗಳ ಆಗುಹೋಗೆಲ್ಲ ದೊಡ್ಡ ಮೇಸ್ತ್ರಿಯ ಕೈಯಲ್ಲಿ. ಅವನು ಹೂಂ ಎಂದರೆ ಗಾಡಿ ಗೇಟು ದಾಟುತ್ತಿತ್ತು, ಊಹೂಂ ಎಂದರೆ ಯಜಮಾನರೇ ಬಂದು ಹೇಳಿದರೂ ಕದಲುತ್ತಿರಲಿಲ್ಲ.

ಕೊಯ್ಲಿನ ಕಾಲದಲ್ಲಿ ಭಾವನಿಗೆ ಊಟದ ಡಬ್ಬಿ ಒಯ್ಯುವುದು ಕಡ್ಡಿಯ ಕೆಲಸ. ಆಗೊಮ್ಮೆ ಈಗೊಮ್ಮೆ ಕ್ಯಾಬಿನ್ನಿಗೆ ಹತ್ತಿ ಅವನ ಪಕ್ಕ ಮುದುರಿಕೊಂಡು ಕೂರುತ್ತಿದ್ದಳು. ಹಾಗೆ ಕೂತಿದ್ದಾಗಲೇ ಸೀಟಿನ ಕೆಳಗೆ, ಕಪ್ಪು ವೈರುಗಳ ನಡುವೆ, ಹೊಸದಾಗಿ ಹೊಸೆದು ಸೇರಿಸಿದ್ದ ಒಂದು ಹಳದಿ ವೈರು ಕಂಡಿತ್ತು.

"ಇದೇನು ಭಾವ?"

"ಅದು ಮೇಸ್ತ್ರಿಯ ಕೈಚಳಕ. ಗುಂಡಿ ಬಂದು ಸೀಟು ಹಾರಿದಾಗಲೆಲ್ಲ ಪೈರು ಕೊಯ್ಯೋ ಮುಂದಿನ ಬಾಯಿ ನಿಂತುಬಿಡ್ತಿತ್ತು. ಈಗ ನಿಲ್ಲಲ್ಲ."

ಅದಾದ ಕೆಲವೇ ದಿನಕ್ಕೆ ಭಾವನ ಬಲಗೈ ಹೋಯಿತು. ಡಬ್ಬಿ ಹಿಡಿದು ಹೊಲದ ಅಂಚಿನಲ್ಲಿ ನಿಂತಿದ್ದ ಅವಳ ಕಣ್ಣೆದುರಿಗೇ. ಯಂತ್ರದ ಮುಂದಿನ ಬಾಯಿಯಲ್ಲಿ ಪೈರನ್ನು ಒಳಗೆಳೆಯುವ ಸುರುಳಿ ಇರುತ್ತದೆ. ಅದಕ್ಕೆ ಒದ್ದೆ ಹುಲ್ಲು ಸಿಕ್ಕಿ ತಿರುಗುವುದು ನಿಂತಿತ್ತು. ಭಾವ ಕೆಳಗಿಳಿದ, ಬಗ್ಗಿ ಹುಲ್ಲು ಕಿತ್ತ. ಹುಲ್ಲು ಬಿಟ್ಟುಕೊಂಡಿತು, ಸುರುಳಿ ತಿರುಗಿತು. ಆಮೇಲಿನದನ್ನು ಅವಳು ಯಾರಿಗೂ ಹೇಳಲಿಲ್ಲ.

ಮಾರನೆಯ ದಿನ ಭಾವನ ಚಪ್ಪಲಿ, ಶರ್ಟು ತರಲು ವರ್ಕ್‌ಶಾಪಿಗೆ ಹೋದಳು. ಯಂತ್ರವನ್ನು ಅಂಗಳದಲ್ಲಿ ತಂದು ನಿಲ್ಲಿಸಿದ್ದರು. ಸೀಟಿನ ಕೆಳಗೆ ಬಗ್ಗಿ ನೋಡಿದರೆ ಹಳದಿ ವೈರು ಇರಲಿಲ್ಲ. ಹೊರಗೆ ದೊಡ್ಡ ಮೇಸ್ತ್ರಿ ನಾಲ್ಕು ಜನರ ನಡುವೆ ನಿಂತು ಹೇಳುತ್ತಿದ್ದ: "ಕುಡಿದಿದ್ದ ಕಣ್ರೀ. ಬೆಳಗ್ಗೆನೇ ವಾಸನೆ ಹೊಡೀತಿತ್ತು. ಇವತ್ತು ಗಾಡಿ ತಗೋಬೇಡ ಅಂತ ಬಡ್ಕೊಂಡೆ. ಕೇಳ್ತಾನಾ?"

"ನಮ್ಮ ಭಾವ ಕುಡಿಯಲ್ಲ," ಎಂದಳು ಕಡ್ಡಿ. "ನೀವು ಸೀಟಿನ ಕೆಳಗೆ ಹಳದಿ ವೈರು ಹಾಕಿದ್ರಿ. ಈಗ ಅದಿಲ್ಲ."

ಮೇಸ್ತ್ರಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಓಹೋ, ಇಂಜಿನಿಯರ್ ಅಮ್ಮ ಬಂದ್ರು! ಹೇಳು ತಾಯಿ, ಅಲ್ಲಿ ಯಾವ ಸ್ವಿಚ್ ಇದೆ? ಏನು ಕೆಲಸ ಮಾಡುತ್ತೆ? ವೈರು ಎಲ್ಲಿಂದ ಎಲ್ಲಿಗೆ ಹೋಗುತ್ತೆ? ಹೇಳು, ನಾವೂ ಕಲೀತೀವಿ."

ಅವಳ ನಾಲಗೆ ಹೊರಳಲಿಲ್ಲ. ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು. "ಹೋಗು, ಮನೇಲಿ ದಾರ ಪೋಣಿಸ್ಕೊಂಡಿರು, ಅದೂ ಹಳದಿ ಬಣ್ಣದಲ್ಲಿ ಸಿಗುತ್ತೆ," ಎಂದ ಮೇಸ್ತ್ರಿ. ಚಪ್ಪಲಿ ಎದೆಗವಚಿಕೊಂಡು ಗೇಟು ದಾಟುವವರೆಗೂ ಆ ನಗು ಅವಳ ಬೆನ್ನ ಮೇಲೆ ಬೀಳುತ್ತಲೇ ಇತ್ತು.

ಆಸ್ಪತ್ರೆಯಿಂದ ಬಂದ ಭಾವ ಬಾಯಿಗೆ ಬೀಗ ಹಾಕಿಕೊಂಡ. ಕಡ್ಡಿ ವೈರಿನ ಮಾತೆತ್ತಿದರೆ, "ಬಿಡು, ಆದದ್ದು ಆಯ್ತು," ಎಂದು ಗೋಡೆಯ ಕಡೆ ತಿರುಗುತ್ತಿದ್ದ. ಯಜಮಾನರು ಕೈತೊಳೆದುಕೊಂಡರು. ಟೀ ಅಂಗಡಿಯಲ್ಲಿ ಅವನಿಗೆ 'ಎಣ್ಣೆ ಡ್ರೈವರ್' ಎಂಬ ಹೆಸರು ಬಿತ್ತು. ಕ್ಷೌರದಂಗಡಿಯವನು ಒಮ್ಮೆ ಮೂಗು ಹಿಂಡಿಕೊಂಡು, "ಇವತ್ತು ಬರೀ ನೀರಾ?" ಎಂದು ಕೇಳಿದನಂತೆ. ಅಂದಿನಿಂದ ಭಾವ ಗಡ್ಡ ಬಿಟ್ಟ, ಬೀದಿಯನ್ನೂ ಬಿಟ್ಟ.

ಇದೆಲ್ಲವನ್ನೂ ಕಡ್ಡಿ ನುಂಗಿಕೊಂಡಾಳು. ನುಂಗಲಾಗದ್ದು ಒಂದಿತ್ತು. ಅಕ್ಕ ಗಂಡನನ್ನು ಒಂದು ಮಾತೂ ಕೇಳಲಿಲ್ಲ, ಆದರೆ ಅವನ ಶರ್ಟನ್ನು ನೆನೆಹಾಕುವ ಮೊದಲು ಮೂಗಿನ ಹತ್ತಿರ ತಂದು ಮೂಸುತ್ತಿದ್ದಳು. ಯಾರೂ ನೋಡುತ್ತಿಲ್ಲ ಎಂದುಕೊಂಡು, ಪ್ರತಿ ಸಲವೂ.

ಕೃಷಿ ಯಂತ್ರ ತಂತ್ರಜ್ಞರ ತರಬೇತಿ ಕೇಂದ್ರಕ್ಕೆ ಕಡ್ಡಿ ಸೇರಿದ್ದು ಹೀಗೆ. ಒಳ್ಳೆಯ ಕೆಲಸ, ಹಳ್ಳಿಹಳ್ಳಿಗೂ ಯಂತ್ರ ಬಂದಿದೆ, ಭವಿಷ್ಯವಿದೆ ಎಂದೆಲ್ಲ ಅಕ್ಕನಿಗೆ ಹೇಳಿದಳು. ಅದು ಸುಳ್ಳೇನೂ ಅಲ್ಲ. ಆದರೆ ಅವಳಿಗೆ ಬೇಕಾಗಿದ್ದದ್ದು ಆ ಮೂರು ಪ್ರಶ್ನೆಗಳ ಉತ್ತರ ಮತ್ತು ಆ ಮನುಷ್ಯನ ಕುತ್ತಿಗೆ.

ಕೇಂದ್ರದ ಶೆಡ್ಡಿನಲ್ಲಿ ಹೊಟ್ಟೆ ಸೀಳಿದ ಇಂಜಿನ್ನುಗಳು, ಚಕ್ರವಿಲ್ಲದ ಟ್ರ್ಯಾಕ್ಟರುಗಳು, ಗೋಡೆಗೆ ಅಳತೆಯ ಪ್ರಕಾರ ನೇತುಹಾಕಿದ ಸ್ಪ್ಯಾನರುಗಳು. ಡೀಸೆಲ್ಲು ಮತ್ತು ಗ್ರೀಸಿನ ವಾಸನೆ ಕೂದಲಿಗೆ ಹತ್ತಿದರೆ ಯಾವ ಸೋಪಿಗೂ ಬಗ್ಗುತ್ತಿರಲಿಲ್ಲ. ದೊಡ್ಡ ಸ್ಪ್ಯಾನರು ಎತ್ತಿಕೊಂಡರೆ, "ಯಾರು ಯಾರನ್ನ ಎತ್ತಿದ್ದು?" ಎಂದು ಹುಡುಗರು ಕೇಳುತ್ತಿದ್ದರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಕಲಿಸುವ ಮೇಡಂ ಗಟ್ಟಿಗಿತ್ತಿ. ಬಿಸಿ ಎಣ್ಣೆ ಸಿಡಿದು ಸುಟ್ಟ ತೋಳಿನ ಹೆಂಗಸು, ಶೆಡ್ಡಿನ ಆ ತುದಿಯಲ್ಲಿ ನಿಂತೇ ಈ ತುದಿಯ ತಪ್ಪು ಹಿಡಿಯುತ್ತಿದ್ದರು.

ಮೊದಲ ತಿಂಗಳುಗಳಲ್ಲಿ ಕಡ್ಡಿ ಬಿಗಿದ ಬೋಲ್ಟುಗಳೆಲ್ಲ ತುಂಡಾಗುತ್ತಿದ್ದವು. ಒಂದು ದಿನ ಮೇಡಂ ಹಿಂದಿನಿಂದ ಬಂದು ಅವಳ ಮಣಿಕಟ್ಟು ಹಿಡಿದರು.

"ಯಾರ ಕುತ್ತಿಗೆ ತಿರುಚ್ತಾ ಇದ್ದೀಯ?"

ಕಡ್ಡಿ ಸ್ಪ್ಯಾನರು ಕೆಳಗಿಳಿಸಿದಳು.

"ಯಾರದ್ದಾದ್ರೂ ಆಗಲಿ, ಇದು ಬೋಲ್ಟು. ಇದಕ್ಕೆ ಎಷ್ಟು ಬೇಕೋ ಅಷ್ಟೇ ಕೊಡು. ಮಿಕ್ಕಿದ್ದನ್ನ ಇಟ್ಟುಕೋ."

ಒಳಗೇ ಮುರಿದುಕೊಂಡ ಬೋಲ್ಟಿನ ಮೋಟನ್ನು ಕೊರೆದು ತೆಗೆಯುವಷ್ಟರಲ್ಲಿ ಸಂಜೆಯಾಯಿತು. ಅಂದಿನಿಂದ ಅವಳು ಕೋಪವನ್ನು ಕೈಗೆ ಇಳಿಯಗೊಡಲಿಲ್ಲ. ಇಟ್ಟುಕೊಂಡಳು.

ವಿದ್ಯುತ್ತಿನ ಪಾಠ ಬಂದಾಗ ಮೇಡಂ ಒಂದು ಕಟಾವು ಯಂತ್ರದ ಸೀಟು ಬಿಚ್ಚಿ ತಂದು ಮೇಜಿನ ಮೇಲಿಟ್ಟರು. ಅಡಿಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಪೆಟ್ಟಿಗೆ, ಎರಡು ವೈರು. "ಡ್ರೈವರ್ ಕೂತ್ರೆ ಇದು ಒತ್ತಿಕೊಳ್ಳುತ್ತೆ, ಕರೆಂಟು ಹರಿಯುತ್ತೆ, ಮುಂದಿನ ಬಾಯಿ ತಿರುಗುತ್ತೆ. ಎದ್ರೆ ಕಟ್. ಮನುಷ್ಯ ಎದ್ದ ಅಂತ ಯಂತ್ರಕ್ಕೆ ತಿಳಿಸೋದು ಇದೊಂದೇ. ಕೆಲವು ಗಂಡುಗಲಿಗಳು ಈ ಎರಡು ತುದಿಗೂ ಒಂದು ತುಂಡು ವೈರು ಸೇರಿಸಿಬಿಡ್ತಾರೆ. ಆಮೇಲೆ ಡ್ರೈವರ್ ಸೀಟಲ್ಲಿ ಇದ್ರೂ ಒಂದೇ, ಸ್ಮಶಾನದಲ್ಲಿದ್ರೂ ಒಂದೇ."

ಹುಡುಗರು ನಕ್ಕರು. ಅಲ್ಲಿಯವರೆಗೆ ಕಡ್ಡಿಯ ಹತ್ತಿರ ಇದ್ದದ್ದು ಒಂದು ಬಣ್ಣ ಮತ್ತು ಒಂದು ಹಠ ಮಾತ್ರ. ಈಗ ಅರ್ಥವಾಯಿತು: ಆ ವೈರು ಇಲ್ಲದಿದ್ದರೆ ಭಾವ ಸೀಟಿನಿಂದ ಎದ್ದ ಕ್ಷಣವೇ ಸುರುಳಿಯ ಕಸುವು ಹೋಗುತ್ತಿತ್ತು. ಅವನ ಕೈ ಇವತ್ತಿಗೂ ಅವನ ಮೈಮೇಲೆ ಇರುತ್ತಿತ್ತು.

ಕಡೆಯ ವರ್ಷ ಪ್ರತಿಯೊಬ್ಬರೂ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಕಲಿಯಬೇಕು. ಕಡ್ಡಿ ದೊಡ್ಡ ಮೇಸ್ತ್ರಿಯ ವರ್ಕ್‌ಶಾಪಿನ ಹೆಸರು ಹೇಳಿದ್ದು ಕೇಳಿ ಮೇಡಂ ಹುಬ್ಬೇರಿಸಿದರು. "ಅಲ್ಲಿ ಹುಡುಗೀರು ನಿಲ್ಲಲ್ಲ."

"ನಾನು ನಿಲ್ತೀನಿ."

ದೊಡ್ಡ ಮೇಸ್ತ್ರಿ ಅವಳನ್ನು ಗುರುತಿಸಲಿಲ್ಲ. ಗುರುತಿಸಿಯಾನು ಎಂದು ಅವಳು ಬೇಕಾದಷ್ಟು ಮಾತು ಹೊಂದಿಸಿಕೊಂಡು ಹೋಗಿದ್ದಳು. ಅವನು ಅವಳ ತಲೆಗೆ ಕಟ್ಟಿದ ಬಟ್ಟೆ, ಎಣ್ಣೆ ಕಲೆಯ ಅಂಗಿ ನೋಡಿ, "ಏನಂತ ಕರೀತಾರೆ? ಕಡ್ಡಿನಾ? ಅಳತೆ ತಗೊಂಡೇ ಇಟ್ಟಿದ್ದಾರೆ," ಎಂದು ನಕ್ಕ. ಅದೇ ನಗು. ಅವಳ ನಾಲ್ಕು ವರ್ಷದ ನಿದ್ದೆ ತಿಂದವನಿಗೆ ಅವಳ ಮುಖವೇ ನೆನಪಿರಲಿಲ್ಲ. ಆ ದಿನ ಮನೆಗೆ ಬಂದು ಅವಳು ಊಟ ಮಾಡಲಿಲ್ಲ.

ಕೆಲಸ ಮಾತ್ರ ಅವನಿಗೆ ಕರಗತವಾಗಿತ್ತು. ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಯಂತ್ರಕ್ಕೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು, "ಒಳಗಿನ ಬೇರಿಂಗು ಅಳ್ತಾ ಇದೆ," ಎನ್ನುತ್ತಿದ್ದ. ಬಿಚ್ಚಿದರೆ ಅದೇ ಹೋಗಿರುತ್ತಿತ್ತು. ಅವಳಿಗೆ ಬೆಲ್ಟು ಹೊಂದಿಸಲು, ಬ್ಲೇಡು ಸಾಲು ಕೂರಿಸಲು ಕಲಿಸಿದ. ಬರಬರುತ್ತ 'ಮಗಳೇ' ಎನ್ನತೊಡಗಿದ. ಅವಳು ಟೀ ತಂದುಕೊಟ್ಟಳು, ಅವನ ಹಳಸಲು ಜೋಕುಗಳಿಗೆ ನಕ್ಕಳು. ಅವನು ಚೆನ್ನಾಗಿ ಕಲಿಸಿದಷ್ಟೂ ಅವಳ ಸಿಟ್ಟು ಹೆಚ್ಚಾಯಿತು. ಇಂಥ ಕೈಗೆ ಒಂದು ಸ್ವಿಚ್ಚು ಬದಲಾಯಿಸುವುದು ಯಾವ ಮಹಾ ಕೆಲಸವಾಗಿತ್ತು?

ಒಂದು ಮಧ್ಯಾಹ್ನ ಅವನು ಮೇಲೆತ್ತಿ ನಿಲ್ಲಿಸಿದ್ದ ಯಂತ್ರದ ಬಾಯಿಯ ಕೆಳಗೆ ನುಸುಳಿದ. ಕೆಳಗಿಳಿಯದಂತೆ ತಡೆಯುವ ಕಬ್ಬಿಣದ ಆಸರೆ ಹಾಕಿರಲಿಲ್ಲ. ಅವಸರ, ಯಾವಾಗಲೂ ಅವಸರ. ಕಡ್ಡಿ ಕ್ಯಾಬಿನ್ನಿನ ಮೆಟ್ಟಿಲ ಮೇಲಿದ್ದಳು. ಇಳಿಸುವ ಹಿಡಿ ಕೈಗೆ ಎಟುಕುತ್ತಿತ್ತು. ಶೆಡ್ಡಿನಲ್ಲಿ ಬೇರೆ ಯಾರೂ ಇರಲಿಲ್ಲ. ಕೆಳಗಿನಿಂದ ಅವನ ಎರಡು ಕಾಲು, ಸವೆದ ಬೂಟು ಕಾಣುತ್ತಿದ್ದವು. ಹಿಡಿ ತಣ್ಣಗಿತ್ತು. ಅದರ ಮೇಲೆ ಕೈಯಿಟ್ಟು ಅವಳು ತುಸು ಹೊತ್ತು ನಿಂತಳು. ಆಮೇಲೆ ಇಳಿದು ಬಂದು ಆಸರೆ ಹಾಕಿದಳು.

"ಭೇಷ್ ಮಗಳೇ," ಎಂದ ಅವನು ಕೆಳಗಿನಿಂದ. "ನನಗೆ ಮರೆತೇಹೋಗಿತ್ತು."

ಅವಳು ಆಸರೆ ಹಾಕಿದ್ದು ಕರುಣೆಯಿಂದಲ್ಲ. ಸತ್ತವನು ಮಾತಾಡುವುದಿಲ್ಲ. ಅವಳಿಗೆ ಅವನ ಬಾಯಿ ಬೇಕಿತ್ತು.

ಕೊಯ್ಲು ಶುರುವಾಯಿತು. ಅಂಗಳದ ತುಂಬ ಯಂತ್ರಗಳು, ಡ್ರೈವರುಗಳು, ಕೂಗಾಟ. ಒಂದು ಬೆಳಗ್ಗೆ ಹಿರಿಯ ಡ್ರೈವರೊಬ್ಬ ಗಂಟುಮೋರೆ ಹಾಕಿಕೊಂಡು ಗಾಡಿ ತಂದ. "ಮೇಸ್ತ್ರಿ, ಹಳ್ಳ ಸಿಕ್ಕಿದ್ರೆ ಸಾಕು, ಬಾಯಿ ಬಂದ್ ಆಗುತ್ತೆ. ತಲೆ ಚಿಟ್ಟು ಹಿಡೀತು."

"ಸೀಟಿನ ಸ್ವಿಚ್ಚು. ಹೊಸದು ಬರೋಕೆ ಎಷ್ಟು ದಿನ ಆಗುತ್ತೋ," ಎಂದ ಮೇಸ್ತ್ರಿ. ಕಡ್ಡಿಯ ಕಡೆ ತಿರುಗಿದ. "ಮಗಳೇ, ಒಂದು ತುಂಡು ವೈರು ಸೇರಿಸಿಬಿಡು."

ಅವಳು ಮುಖವನ್ನು ಹಾಗೇ ಇಟ್ಟುಕೊಂಡಳು. "ನನಗೆ ಬರಲ್ಲ ಮೇಸ್ತ್ರಿ. ನೀವೇ ಒಂದ್ಸಲ ತೋರಿಸಿಕೊಡಿ."

ಕೇಳಿಸಿಕೊಂಡು ಇನ್ನೂ ನಾಲ್ಕೈದು ಡ್ರೈವರುಗಳು ಹತ್ತಿರ ಬಂದರು. ಯಜಮಾನರೂ ಟೀ ಲೋಟ ಹಿಡಿದು ಗಾಜಿನ ಕೋಣೆಯಿಂದ ಹೊರಬಂದರು. ನೋಡುವವರು ಹೆಚ್ಚಾದಷ್ಟೂ ಮೇಸ್ತ್ರಿಗೆ ಹುರುಪು. ಸೀಟು ಎತ್ತಿದ, ಕನ್ನಡಕ ಏರಿಸಿದ, ಜೇಬಿನಿಂದ ಹಳದಿ ವೈರು ತೆಗೆದ.

"ಇದು ಯಾವ ಸ್ವಿಚ್ಚು ಮೇಸ್ತ್ರಿ?"

"ಸೀಟಿನ ಸ್ವಿಚ್ಚು. ಡ್ರೈವರ್ ಕೂತಿದ್ದಾನಾ ಇಲ್ವಾ ಅಂತ ನೋಡೋದು."

"ಏನು ಕೆಲಸ ಮಾಡುತ್ತೆ?"

"ಎದ್ರೆ ಬಾಯಿ ನಿಲ್ಲಿಸುತ್ತೆ."

"ಈ ವೈರು ಎಲ್ಲಿಂದ ಎಲ್ಲಿಗೆ?"

"ಇಲ್ಲಿಂದ ಇಲ್ಲಿಗೆ. ನೋಡಿದ್ಯಾ? ಮುಗೀತು. ಇನ್ನು ಎದ್ರೂ ನಿಲ್ಲಲ್ಲ."

"ಡ್ರೈವರ್ ಕೆಳಗಿಳಿದ್ರೆ?"

"ತಿರುಗ್ತಾನೇ ಇರುತ್ತೆ."

"ಏನೂ ತೊಂದರೆ ಆಗಲ್ವಾ?"

"ಎಷ್ಟು ಗಾಡಿಗೆ ಹಾಕಿದ್ದೀನಿ ಮಗಳೇ!"

"ಕೈ ಹೋಯ್ತಲ್ಲ, ಆ ಡ್ರೈವರ್ ಗಾಡಿಗೂ ಹಿಂಗೇ ಹಾಕಿದ್ರಾ?"

"ಅದಕ್ಕೂ ಹಿಂಗೇ..."

ಮಾತು ಅಲ್ಲೇ ನಿಂತಿತು. ಹಿರಿಯ ಡ್ರೈವರು ಬಾಯಿಂದ ಬೀಡಿ ತೆಗೆದ. ಮೇಸ್ತ್ರಿ ಕನ್ನಡಕದ ಮೇಲಿನಿಂದ ಅವಳನ್ನು ನೋಡಿದ, ಇಷ್ಟು ತಿಂಗಳಲ್ಲಿ ಮೊದಲ ಸಲ ಸರಿಯಾಗಿ ನೋಡಿದ.

"ನೀನು..."

"ಅವರ ನಾದಿನಿ. ಇದೇ ಅಂಗಳದಲ್ಲಿ ನನ್ನನ್ನ ಇದೇ ಮೂರು ಪ್ರಶ್ನೆ ಕೇಳಿ ನಕ್ಕಿದ್ರಿ. ಈಗ ನಗಿ."

ಅವನು ಮೂಲೆಗೆ ಸಿಕ್ಕಿದವನಂತೆ ಮೈಮೇಲೆ ಬಂದ. "ವೈರು ಹಾಕಿಕೊಡಿ ಅಂತ ಕೇಳಿದ್ದೇ ನಿನ್ನ ಭಾವ! ಕೈಮುಗಿದು ಕೇಳಿದ್ದ. ಹೋಗಿ ಅವನನ್ನೇ ಕೇಳು!"

ಈ ಪೆಟ್ಟನ್ನು ಅವಳು ಎಣಿಸಿರಲಿಲ್ಲ. ಗೋಡೆಯ ಕಡೆ ತಿರುಗಿದ ಭಾವ, ಬಿಡು ಬಿಡು ಎನ್ನುತ್ತಿದ್ದ ಭಾವ ಕಣ್ಣಮುಂದೆ ಬಂದ. ಇದು ಸುಳ್ಳಲ್ಲ ಎಂದು ಅವಳಿಗೆ ಅಲ್ಲೇ ಗೊತ್ತಾಯಿತು. ಆದರೂ ಅವಳು ಹಿಂದೆ ಸರಿಯಲಿಲ್ಲ.

"ಸರಿ ಮೇಸ್ತ್ರಿ. ವೈರು ಅವರು ಕೇಳಿದ್ರು. ಕುಡುಕ ಅನ್ನಿ ಅಂತಾನೂ ಅವರೇ ಕೇಳಿದ್ರಾ?"

ಮೇಸ್ತ್ರಿ ಕನ್ನಡಕ ತೆಗೆದು ಜೇಬಿಗಿಟ್ಟ.

"ಒಳಗೆ ಬಾಮ್ಮ, ಕೂತು ಮಾತಾಡೋಣ," ಎಂದರು ಯಜಮಾನರು.

"ಹೊರಗೇ ಚೆನ್ನಾಗಿದೆ."

ಅಷ್ಟರಲ್ಲಿ ಡ್ರೈವರುಗಳು ತಂತಮ್ಮ ಗಾಡಿ ಹತ್ತಿ ಸೀಟು ಎತ್ತಿ ನೋಡತೊಡಗಿದ್ದರು. ಇನ್ನೂ ಎರಡು ಗಾಡಿಗಳಲ್ಲಿ ಹಳದಿ ವೈರು ಸಿಕ್ಕಿತು. ಒಬ್ಬ ಅದನ್ನು ಕಿತ್ತು ತಂದು ಯಜಮಾನರ ಕಾಲ ಬುಡಕ್ಕೆ ಎಸೆದ. ಯಜಮಾನರು ದೊಡ್ಡ ಮೇಸ್ತ್ರಿಯನ್ನು ಇವತ್ತೇ ಮೊದಲು ಕಂಡವರಂತೆ ನೋಡಿದರು. "ನನಗೇನೂ ಗೊತ್ತಿಲ್ಲಪ್ಪ. ಎಲ್ಲ ಇವನ ಕಾರುಬಾರು."

"ನಾನು ಕಾರ್ಮಿಕ ಇಲಾಖೆಗೆ ದೂರು ಕೊಡ್ತೀನಿ, ಅದು ಬೇರೆ," ಎಂದಳು ಕಡ್ಡಿ. "ಅದಕ್ಕೆ ಮುಂಚೆ ಮೇಸ್ತ್ರಿ ನನ್ನ ಜೊತೆ ಬೀದಿಗೆ ಬಂದು ನಿಜ ಹೇಳಬೇಕು."

"ನಾನು ಬರಲ್ಲ."

"ನಡೀರಿ ಮೇಸ್ತ್ರಿ," ಎಂದ ಹಿರಿಯ ಡ್ರೈವರು. "ನೀವು ಹೋಗೋತನಕ ಇಲ್ಲಿಂದ ಒಂದು ಗಾಡಿನೂ ಗೇಟು ದಾಟಲ್ಲ."

ಕೊಯ್ಲಿನ ಕಾಲ. ಗಾಡಿ ನಿಂತರೆ ಏನಾಗುತ್ತದೆ ಎಂಬುದು ಯಜಮಾನರಿಗೆ ಗೊತ್ತಿತ್ತು. "ಹೋಗು," ಎಂದರು ಮುಖ ತಿರುಗಿಸಿ. "ಆ ಹುಡುಗಿ ಹೇಳಿದ್ದು ಮಾಡಿ, ಹಾಗೇ ಮನೆಗೆ ಹೋಗು. ವಾಪಸ್ ಬರಬೇಡ."

ಮೊದಲು ಟೀ ಅಂಗಡಿ. ಜನ ತುಂಬಿತ್ತು. ಮೇಸ್ತ್ರಿ ಬಾಗಿಲಲ್ಲಿ ನಿಂತು ಗೊಣಗಿದ.

"ಯಾರಿಗೂ ಕೇಳಿಸಲಿಲ್ಲ," ಎಂದಳು ಅವಳು. "ಜೋರಾಗಿ ಹೇಳಿ, ಮೇಸ್ತ್ರಿ."

"ಆ ಡ್ರೈವರ್ ಅವತ್ತು ಕುಡಿದಿರಲಿಲ್ಲ. ನಾನು ಸುಳ್ಳು ಹೇಳಿದ್ದೆ."

ಲೋಟಗಳು ಗಾಳಿಯಲ್ಲೇ ನಿಂತವು. ಕ್ಷೌರದಂಗಡಿಯಲ್ಲಿ ಮುಖದ ತುಂಬ ನೊರೆ ಹಚ್ಚಿಕೊಂಡವನೊಬ್ಬ ಕತ್ತು ಹೊರಳಿಸಿ ಕೇಳಿಸಿಕೊಂಡ. ಅಂಗಡಿಯವನು ಕತ್ತಿ ಹಿಡಿದುಕೊಂಡೇ ನೆಲ ನೋಡಿದ. "ಇನ್ನೊಂದ್ಸಲ," ಎಂದಳು ಕಡ್ಡಿ. "ಇವರಿಗೆ ಚೆನ್ನಾಗಿ ಕೇಳಿಸಬೇಕು." ಮೇಸ್ತ್ರಿ ಇನ್ನೊಂದು ಸಲ ಹೇಳಿದ. ಅವನ ಕತ್ತಿನ ನರ ಉಬ್ಬಿತ್ತು, ಧ್ವನಿ ಒಡೆದಿತ್ತು. ಅವಳಿಗೆ ಅಯ್ಯೋ ಅನ್ನಿಸಲಿಲ್ಲ. ಬಹಳ ದಿನ ಹಸಿದವಳಿಗೆ ಬಿಸಿ ಊಟ ಸಿಕ್ಕಂತೆ, ಒಂದೊಂದು ಮಾತೂ ಒಳಗಿಳಿಯಿತು.

ಮನೆಯ ಮುಂದೆ ಅಕ್ಕ ನಲ್ಲಿಯ ಕೆಳಗೆ ಬಕೆಟ್ ಇಟ್ಟು ನಿಂತಿದ್ದಳು. ಭಾವ ಮೆಟ್ಟಿಲ ಮೇಲೆ ಕೂತು ಎಡಗೈಯಲ್ಲಿ ತರಕಾರಿ ಹೆಚ್ಚುತ್ತಿದ್ದ. ಮೇಸ್ತ್ರಿಯನ್ನು ಕಂಡು ಅವನ ಚಾಕು ನಿಂತಿತು.

"ನಿಮ್ಮ ಮನೆಯವರು ಅವತ್ತು ಕುಡಿದಿರಲಿಲ್ಲ ತಾಯಿ," ಎಂದ ಮೇಸ್ತ್ರಿ. ಇಲ್ಲಿ ಅವಳು ಜೋರಾಗಿ ಎನ್ನಬೇಕಾಗಲಿಲ್ಲ. "ವೈರಿನ ವಿಷಯ ನನ್ನ ತಲೆಗೆ ಬರುತ್ತೆ ಅಂತ ಹಂಗೆ ಹೇಳಿದೆ."

ಬಕೆಟ್ ತುಂಬಿ ನೀರು ಅಕ್ಕನ ಕಾಲ ಮೇಲೆ ಹರಿಯಿತು. ಅವಳು ನಲ್ಲಿ ನಿಲ್ಲಿಸಲಿಲ್ಲ, ಮೇಸ್ತ್ರಿಯನ್ನೂ ನೋಡಲಿಲ್ಲ. ಗಂಡನನ್ನು ನೋಡಿದಳು.

"ನೀವ್ಯಾಕೆ ಹೇಳಲಿಲ್ಲ?"

ಭಾವ ಚಾಕು ಕೆಳಗಿಟ್ಟ. "ವೈರು ಹಾಕಿಸ್ಕೊಂಡಿದ್ದು ನಾನೇ. ಅದು ಹೇಳಿದ್ರೆ ಕೈ ಕಳ್ಕೊಂಡಿದ್ದೂ ನಾನೇ ಅಂತ ಆಗ್ತಿತ್ತು. ಜನ ಕುಡುಕ ಅಂದ್ರು, ಅನ್ನಲಿ ಅಂತ ಬಿಟ್ಟೆ. ನೀನಂತೂ ಆ ಮಾತು ನಂಬಿಲ್ಲ ಅಂದ್ಕೊಂಡಿದ್ದೆ."

"ನಂಬಿದ್ದೆ," ಎಂದಳು ಅಕ್ಕ. "ದಿನಾ ನಂಬಿದ್ದೆ." ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಭಾವ ಎದ್ದು ಬಾಗಿಲ ಹತ್ತಿರ ಹೋಗಿ, ಎಡಗೈಯನ್ನು ಅದರ ಮೇಲಿಟ್ಟು ನಿಂತ. ಬಡಿಯಲಿಲ್ಲ.

ಕಡ್ಡಿ ನಲ್ಲಿ ನಿಲ್ಲಿಸಿದಳು. "ನೀವಿನ್ನು ಹೋಗಿ ಮೇಸ್ತ್ರಿ."

ಅವನು ಹೋಗುವ ಮೊದಲು ಒಮ್ಮೆ ತಿರುಗಿದ. "ನಿನಗೆ ಕೆಲಸ ಕಲಿಸಿದವನು ನಾನು. ಅದಾದ್ರೂ ನೆನಪಿರಲಿ."

"ಇದೆ. ಅದಕ್ಕೇ ಇಷ್ಟು ಅಚ್ಚುಕಟ್ಟಾಗಿ ಆಯ್ತು."

ಇಲಾಖೆಯವರು ಬಂದರು, ಗಾಡಿಗಳನ್ನೆಲ್ಲ ಬಿಚ್ಚಿಸಿ ನೋಡಿದರು, ಯಜಮಾನರು ಆ ಕೊಯ್ಲೆಲ್ಲ ಕಚೇರಿಗಳಿಗೆ ಅಲೆದಾಡಿದರು. ಮೇಸ್ತ್ರಿ ಬೇರೆ ಊರಿನಲ್ಲಿದ್ದ ಮಗಳ ಮನೆ ಸೇರಿದ ಎಂದು ಸುದ್ದಿ ಬಂತು. ಕಡ್ಡಿಯನ್ನೂ ವರ್ಕ್‌ಶಾಪಿನಿಂದ ಹೊರಗೆ ಹಾಕಿದರು. ಮೇಡಂ ಅವಳಿಗೆ ಇನ್ನೊಂದು ಜಾಗ ಹುಡುಕಿಕೊಟ್ಟರು, ಎರಡು ಬಸ್ಸು ಬದಲಾಯಿಸಿ ಹೋಗಬೇಕಾದಷ್ಟು ದೂರ.

"ಅಂತೂ ತಿರುಚಿದೆ," ಎಂದರು ಮೇಡಂ. "ನೆಮ್ಮದಿ ಆಯ್ತಾ?"

ಕಡ್ಡಿ ಯೋಚಿಸಿದಳು. ಇಂಥ ಪ್ರಶ್ನೆಗೆ ಇಲ್ಲ ಎನ್ನುವುದು ವಾಡಿಕೆ ಎಂದು ಅವಳಿಗೆ ಗೊತ್ತಿತ್ತು. "ಆಯ್ತು ಮೇಡಂ," ಎಂದಳು.

ಮನೆಯಲ್ಲಿ ಮಾತ್ರ ನೆಮ್ಮದಿ ಇರಲಿಲ್ಲ. ಅಕ್ಕ ಭಾವನ ತಟ್ಟೆಯನ್ನು ಸದ್ದು ಮಾಡಿ ಇಡುತ್ತಿದ್ದಳು. ಒಂದು ದಿನ, "ಇಷ್ಟು ವರ್ಷ ನಾನು ನಿಮ್ಮ ಮೇಲೆ ಅನುಮಾನ ಪಡೋ ಹಾಗೆ ಮಾಡಿದ್ರಿ," ಎಂದು ಕಿರುಚಿ ಅತ್ತಳು. ಭಾವ ತಲೆ ತಗ್ಗಿಸಿ ಕೇಳಿಸಿಕೊಂಡ. ಅದರ ಮಾರನೆಯ ದಿನದಿಂದ ಅಕ್ಕ ಅವನೊಡನೆ ಜಗಳವಾಡತೊಡಗಿದಳು. ಉಪ್ಪು ಜಾಸ್ತಿ, ಬಾಗಿಲು ತೆರೆದಿಟ್ರಿ, ಗಡ್ಡ ನೋಡೋಕಾಗಲ್ಲ ಎಂದು. ಅವನೂ ತಿರುಗಿ ಜಗಳವಾಡತೊಡಗಿದ.

ಒಂದು ಬೆಳಗ್ಗೆ ಕಡ್ಡಿ ಬಸ್ಸಿಗೆ ಹೊರಟಾಗ ಭಾವ ಜೊತೆಗೆ ಬಂದ. ನಿಲ್ದಾಣದ ಹತ್ತಿರ ಬಂದಾಗ ಕೇಳಿದ, "ಅಷ್ಟು ಜನದ ಮುಂದೆ ಹೇಳಿಸಬೇಕಿತ್ತಾ? ವಯಸ್ಸಾದ ಮನುಷ್ಯ."

"ನಿಮಗೆ ಬೇಡವಾಗಿತ್ತೇನೋ ಭಾವ. ನನಗೆ ಬೇಕಿತ್ತು."

ಬಸ್ಸು ಬಂತು. ಕಿಟಕಿಯ ಪಕ್ಕ ಕೂತು ನೋಡಿದರೆ, ಅವನು ಮನೆಯ ದಾರಿ ಬಿಟ್ಟು ಟೀ ಅಂಗಡಿಯ ಕಡೆ ನಡೆಯುತ್ತಿದ್ದ, ಬೀದಿಯ ನಟ್ಟನಡುವೆ, ಹಿಂದಿನಿಂದ ಹಾರ್ನ್ ಹೊಡೆದರೂ ಪಕ್ಕಕ್ಕೆ ಸರಿಯದೆ.